ಉಜ್ಜಿನಿಗೂ ಹಡಗಿಗೂ ಏನು ಸಂಬಂಧ?

2026ರ ಜನವರಿ 14ರಂದು ಒಂದು ಹಡಗು ಒಮಾನ್ ದೇಶದ ಮಸ್ಕತ್ ಬಂದರು ಮುಟ್ಟಿತು. ಅದಕ್ಕೆ ಎಂಜಿನ್ ಇಲ್ಲ. ಹಲಗೆಗೆ ಹಲಗೆ ಕೂಡಿಸಲು ಮೊಳೆ ಹೊಡೆದಿಲ್ಲ. ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡಿದ ಹಡಗು ಅದು. ಗುಜರಾತಿನ ಪೋರಬಂದರಿನಿಂದ 2025ರ ಡಿಸೆಂಬರ್ 29ಕ್ಕೆ ಹೊರಟು, ಗಾಳಿಯನ್ನೇ ನಂಬಿಕೊಂಡು ಅರಬ್ಬಿ ಸಮುದ್ರ ದಾಟಿ, 17 ದಿನಕ್ಕೆ ಆ ದಡ ಸೇರಿತು. ಹೆಸರು ಐಎನ್‌ಎಸ್‌ವಿ ಕೌಂಡಿನ್ಯ.

ಇದನ್ನು ನಮ್ಮ ಭಾಗದ ಓದುಗರಿಗೆ ಹೊಂದುವ ಹಾಗೆ ಬರೆದು ಡೆಸ್ಕಿಗೆ ಕಳಿಸಿದ್ದೆ. ಫೋನ್ ಬಂತು. 'ನಿಮ್ಮ ಉಜ್ಜಿನಿಗೂ ಹಡಗಿಗೂ ಏನ್ರೀ ಸಂಬಂಧ? ಮೆಕ್ಕೆಜೋಳದ ರೇಟ್ ಕಳಿಸ್ರಿ' ಅಂದರು. ಮೆಕ್ಕೆಜೋಳದ ರೇಟು ಕಳಿಸಿದೆ. ಅದೂ ಬೇಕಾದ ಸುದ್ದಿಯೇ. ಆದರೆ ಅವರು ಕೇಳಿದ ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟಿತು. ಇಲ್ಲಿ ಕಾಲಂ ಲೆಕ್ಕ ಇಲ್ಲ, ಹಾಗಾಗಿ ಉತ್ತರ ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ದೂರದ ಲೆಕ್ಕ ನೋಡೋಣ. ಮೊಬೈಲಿನಲ್ಲಿ ಮ್ಯಾಪ್ ತೆಗೆಯಿರಿ. ಕೊಟ್ಟೂರಿನ ಮೇಲೆ ಬೆರಳಿಟ್ಟು ನೇರ ಪಡುವಣಕ್ಕೆ ಗೆರೆ ಎಳೆಯಿರಿ. ಹಾವೇರಿ ಸೀಮೆ ದಾಟಿ, ಕಾಡು ಘಟ್ಟ ಇಳಿದು, ಆ ಗೆರೆ ಕಡಲು ಸೇರುವುದು ಹೆಚ್ಚುಕಡಿಮೆ ಕಾರವಾರದ ಹತ್ತಿರ. ಹಕ್ಕಿಯ ದಾರಿಯಲ್ಲಿ ಇನ್ನೂರು ಚಿಲ್ಲರೆ ಕಿಲೋಮೀಟರ್. ಈ ಕೌಂಡಿನ್ಯ ಹಡಗು ನೌಕಾಪಡೆಗೆ ಸೇರಿದ್ದು ಅದೇ ಕಾರವಾರದ ನೆಲೆಯಲ್ಲಿ, 2025ರ ಮೇ 21ರಂದು. ನಮ್ಮ ಕಡೆ ಕಡಲು ನೋಡದೇ ಇರುವವರು ಊರಿಗೆ ನೂರು ಜನ ಸಿಗುತ್ತಾರೆ. ನಾನೇ ನೋಡಿದ್ದು ಮೂರು ಸಲ. ಆದರೂ ಕಡಲು ನಾವು ತಿಳಿದಷ್ಟು ದೂರ ಇಲ್ಲ.

ಇನ್ನೊಂದು ಗುರುತು ಹೇಳುತ್ತೇನೆ. ಆ ಹಡಗಿನ ಹಾಯಿಯ ಮೇಲೆ ಸೂರ್ಯನ ಜೊತೆಗೆ ಗಂಡಭೇರುಂಡ ಬರೆದಿದ್ದಾರೆ. ಎರಡು ತಲೆಯ ಹಕ್ಕಿ. ನಿಮ್ಮ ಮನೆಯ ಜಾತಿ ಪ್ರಮಾಣಪತ್ರ ತೆಗೆದು ನೋಡಿ, ಸರ್ಕಾರದ ಲಾಂಛನದ ನಡುವೆ ಅದೇ ಹಕ್ಕಿ ಕೂತಿದೆ. ವಿಜಯನಗರದ ಅಚ್ಯುತರಾಯ ತನ್ನ ನಾಣ್ಯದ ಮೇಲೂ ಅದನ್ನೇ ಹಾಕಿಸಿದ್ದ. ನಾವು ತಹಶೀಲ್ದಾರ್ ಕಚೇರಿಯಲ್ಲಿ ಸಾಲು ನಿಂತು ಪಡೆಯುವ ಕಾಗದದ ಮೇಲಿನ ಹಕ್ಕಿಯೇ ಹಾಯಿಯ ಮೇಲೆ ಕೂತು ಮಸ್ಕತ್‌ಗೆ ಹೋಗಿ ಬಂತು.

ಹೊಲಿಯುವುದು ಅಂದರೆ ಹೇಗೆ?

ಅಜಂತಾ ಗುಹೆಯಲ್ಲಿ ಒಂದು ಹಡಗಿನ ಚಿತ್ರವಿದೆ. 5ನೇ ಶತಮಾನದ್ದು. ಅದನ್ನು ನೋಡಿಕೊಂಡು ಅಂಥದ್ದೇ ಹಡಗು ಕಟ್ಟಬೇಕು ಅಂತ ಹೊರಟವರು ಸಂಜೀವ್ ಸನ್ಯಾಲ್. ಪ್ರಧಾನಿಯ ಆರ್ಥಿಕ ಸಲಹಾ ಮಂಡಳಿಯ ಸದಸ್ಯರು. 2023ರ ಜುಲೈನಲ್ಲಿ ಸಂಸ್ಕೃತಿ ಇಲಾಖೆ, ನೌಕಾಪಡೆ, ಗೋವಾದ ಹೋಡಿ ಇನ್ನೋವೇಷನ್ಸ್ ಕಂಪನಿ ಮೂವರೂ ಸೇರಿ ಒಪ್ಪಂದ ಮಾಡಿಕೊಂಡರು. ಅದೇ ಸೆಪ್ಟೆಂಬರ್ 12ಕ್ಕೆ ಹಡಗಿನ ಬೆನ್ನೆಲುಬಿನ ಮರ ಇಟ್ಟರು. ಹಲಗೆ ಹೊಲಿದದ್ದು ಕೇರಳದ ಕುಶಲಕರ್ಮಿಗಳು. ಅವರ ಮುಂದಾಳು ಬಾಬು ಶಂಕರನ್ ಎಂಬ ಹಡಗು ಮೇಸ್ತ್ರಿ. ಹಳೇ ಕಾಲದ ನಕ್ಷೆ ಒಂದೂ ಇರಲಿಲ್ಲ. ಇದ್ದದ್ದು ಒಂದು ಚಿತ್ರ, ಮತ್ತೆ ಮೇಸ್ತ್ರಿಗಳ ಕೈ. ಹಡಗು ನೀರಿನಲ್ಲಿ ಹೇಗೆ ನಡೆದೀತು ಅಂತ ಪರೀಕ್ಷೆ ಮಾಡಲು ಮದ್ರಾಸ್ ಐಐಟಿಯವರು ಸಹಾಯ ಮಾಡಿದರು.

ಕೆಲಸ ನಡೆಯುವುದು ಹೀಗೆ. ಎರಡು ಹಲಗೆಗಳ ಅಂಚನ್ನು ಜೋಡಿಸಿ ಇಡುತ್ತಾರೆ. ಅಂಚಿನ ಉದ್ದಕ್ಕೂ ಸಾಲಾಗಿ ತೂತು ಕೊರೆಯುತ್ತಾರೆ. ಕೂಡಿದ ಜಾಗದ ಮೇಲೆ ತೆಂಗಿನ ನಾರಿನ ದಪ್ಪ ಸುರುಳಿ ಇಟ್ಟು, ಅದರ ಮೇಲೆ ಹಗ್ಗ ಹಾಯಿಸಿ, ಈ ತೂತಿನಿಂದ ಆ ತೂತಿಗೆ ಎಳೆದು ಬಿಗಿಯುತ್ತಾರೆ. ಕೌದಿ ಹೊಲಿದ ಹಾಗೆ. ಆಮೇಲೆ ತೂತು ಮುಚ್ಚಿ, ಮರದ ಅಂಟು ಬಳಿಯುತ್ತಾರೆ. ನೀರಿಗೆ ಬಿದ್ದ ಮೇಲೆ ಮರ ಉಬ್ಬುತ್ತದೆ, ಸಂದು ಇನ್ನೂ ಬಿಗಿಯಾಗುತ್ತದೆ.

ಮೊಳೆ ಯಾಕೆ ಹೊಡೆಯಲಿಲ್ಲ? ಉಪ್ಪುನೀರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ದೊಡ್ಡದು. ಮೊಳೆ ಹೊಡೆದ ಹಲಗೆ ಜಗ್ಗುವುದಿಲ್ಲ. ಅಲೆ ಬಡಿದಾಗ ಅಥವಾ ದಡದ ಮರಳಿಗೆ ತಾಗಿದಾಗ ಸೀಳಬಹುದು. ಹೊಲಿದ ಹಲಗೆ ಸ್ವಲ್ಪ ಜಗ್ಗುತ್ತದೆ, ಮತ್ತೆ ತನ್ನ ಜಾಗಕ್ಕೆ ಬರುತ್ತದೆ.

ಈ ಹಡಗು ಹೊಲಿಯುವ ವಿಡಿಯೊ ನಮ್ಮಪ್ಪನಿಗೆ ತೋರಿಸಿದೆ. ಅಪ್ಪನಿಗೆ ಎಪ್ಪತ್ತು ದಾಟಿದೆ. ಕಡಲು ನೋಡಿಲ್ಲ. ಆದರೆ ಹಗ್ಗ ಗೊತ್ತು. ಚಿಕ್ಕವನಿದ್ದಾಗಿಂದ ಪುಂಡಿ ನಾರಿನ ಹಗ್ಗ ಹೊಸೆದವನು. ಎತ್ತಿನ ಕಣ್ಣಿ, ಮೂಗುದಾರ, ಬಾವಿ ಹಗ್ಗ, ಬಣವೆ ಬಿಗಿಯುವ ಹಗ್ಗ, ತೊಟ್ಟಿಲ ಹಗ್ಗ ಎಲ್ಲಾ ಮನೆಯಲ್ಲೇ ಆಗುತ್ತಿತ್ತು. ವಿಡಿಯೊ ಎರಡು ಸಲ ನೋಡಿದ. ಹಡಗಿನ ಉದ್ದ ಎಷ್ಟು ಅಂತ ಕೇಳಲಿಲ್ಲ (ಸುಮಾರು 19.6 ಮೀಟರ್, ಅಗಲ 6.5 ಮೀಟರ್). ಅಪ್ಪ ಕೇಳಿದ್ದು ಬೇರೆ:

'ಹಗ್ಗಾನ ಒಣಾದು ಬಿಗೀತಾರೋ, ಹಸೀದು ಬಿಗೀತಾರೋ?'

ನನ್ನ ಡಿಪ್ಲೊಮಾದಲ್ಲಿ ಸಂದರ್ಶನ ಮಾಡುವುದು ಹೇಗೆ ಅಂತ ಒಂದು ಇಡೀ ಪಾಠ ಇತ್ತು. ಇಂಥ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹಗ್ಗ ನೀರು ಕುಡಿದಾಗ ಹೇಗೆ ವರ್ತಿಸುತ್ತದೆ, ಒಣಗಿದಾಗ ಹೇಗೆ ವರ್ತಿಸುತ್ತದೆ ಎಂಬುದರ ಮೇಲೇ ಹಡಗಿನಲ್ಲಿ ಇರುವವರ ಪ್ರಾಣ ನಿಂತಿದೆ. ಅಪ್ಪ ಅದನ್ನು ಎತ್ತಿನ ಕಣ್ಣಿಯಲ್ಲಿ ಕಲಿತಿದ್ದಾನೆ, ಅಷ್ಟೇ.

ಎಂಜಿನ್ ಇಲ್ಲದ 17 ದಿನ

ಕೌಂಡಿನ್ಯದಲ್ಲಿ ಹೋದವರು ನೌಕಾಪಡೆಯ ನಾಲ್ವರು ಅಧಿಕಾರಿಗಳು, ಹದಿಮೂರು ನಾವಿಕರು. ನಾಯಕ ಕಮಾಂಡರ್ ವಿಕಾಸ್ ಶಿಯೊರಾನ್. ಯಾತ್ರೆಯ ಉಸ್ತುವಾರಿ ಕಮಾಂಡರ್ ವೈ. ಹೇಮಂತ್ ಕುಮಾರ್. ಇವರ ಜೊತೆಗೆ ಸಂಜೀವ್ ಸನ್ಯಾಲ್ ಕೂಡ ಹಡಗಿನಲ್ಲಿದ್ದರು. ಚೌಕಾಕಾರದ ಹಾಯಿ, ದಿಕ್ಕು ತಿರುಗಿಸಲು ಹಿಂಬದಿಯಲ್ಲಿ ಉದ್ದನೆಯ ಹುಟ್ಟು. ಗಾಳಿ ಬಂದರೆ ಮುಂದೆ, ಇಲ್ಲದಿದ್ದರೆ ಅಲ್ಲೇ.

ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಆರಿದ್ರ ಮಳೆ ಬರಲಿಲ್ಲ ಅಂತ ಮೋಡ ನೋಡುತ್ತಾ ಕೂತ ರೈತನಿಗೂ ಗಾಳಿ ಬಿದ್ದುಹೋದ ಹಡಗಿನಲ್ಲಿ ಕೂತವನಿಗೂ ಕಾಯುವ ಕೆಲಸ ಒಂದೇ. ಇಬ್ಬರೂ ಕಾಯುವುದು ಒಂದೇ ಗಾಳಿಗೆ. ಜೂನ್ ತಿಂಗಳಿಂದ ನೈರುತ್ಯದ ಗಾಳಿ ಆಫ್ರಿಕಾ, ಅರಬ್ ಕಡೆಯಿಂದ ನಮ್ಮ ಕಡೆಗೆ ಬೀಸುತ್ತದೆ. ಚಳಿಗಾಲದಲ್ಲಿ ಅದೇ ಗಾಳಿ ತಿರುಗಿ ಈಶಾನ್ಯದಿಂದ ಆ ಕಡೆಗೆ ಬೀಸುತ್ತದೆ. ಸಾವಿರಾರು ವರ್ಷ ಹಡಗುಗಳು ಬರುವುದು, ಹೋಗುವುದು ಈ ಲೆಕ್ಕದ ಮೇಲೇ ನಡೆಯಿತು. ಕೌಂಡಿನ್ಯ ಡಿಸೆಂಬರ್ ಕೊನೆಯಲ್ಲಿ ಹೊರಟದ್ದೂ ಇದಕ್ಕೇ. ಮಾನ್ಸೂನ್ ಎಂಬ ಮಾತು ಹುಟ್ಟಿದ್ದೇ ಅರಬ್ಬಿಯ 'ಮೌಸಿಮ್'ನಿಂದ. ಕಾಲ, ಹಂಗಾಮು ಅಂತ ಅದರ ಅರ್ಥ. ಆ ನೈರುತ್ಯ ಗಾಳಿ ಘಟ್ಟದ ಮೇಲೆ ತನ್ನ ನೀರೆಲ್ಲಾ ಸುರಿದು, ಉಳಿದ ಚೂರುಪಾರು ಹೊತ್ತು ಹರಪನಹಳ್ಳಿ, ಕೂಡ್ಲಿಗಿ ಕಡೆ ಬರುತ್ತದೆ. ನಮ್ಮ ಹೊಲದ ಬೆಳೆ ಉಳಿಯುವುದು ಆ ಚೂರುಪಾರಿನಲ್ಲಿ.

ಇಂಥ ಹಡಗಿನಲ್ಲಿ ಅತಿಥಿಯಾಗಿ ಕೂರುವುದು ಹೇಗಿರುತ್ತದೆ? ನನಗೆ ಸಿಕ್ಕ ಅನುಭವ ಹರಿಗೋಲಿನದು. ಹಡಗಲಿ ತಾಲ್ಲೂಕಿನ ನದಿ ದಂಡೆಯ ಊರೊಂದಕ್ಕೆ ಒಂದು ಮಳೆಗಾಲ ಸುದ್ದಿಗೆ ಹೋಗಿದ್ದೆ. ತುಂಗಭದ್ರೆ ತುಂಬಿ ಹರಿಯುತ್ತಿದ್ದಳು. ಅಂಬಿಗರ ಹಿರಿಯರೊಬ್ಬರು ಹರಿಗೋಲಿಗೆ ಹತ್ತಿಸಿಕೊಂಡರು. ನಾನು ಫೋಟೊ ತೆಗೆಯಲು ಎದ್ದು ನಿಲ್ಲುವ ಮೊದಲೇ ಹೇಳಿದರು: 'ನಡುಕ ಕುಂದ್ರು. ನಿನ್ನ ಕೆಲಸ ಅಂದ್ರ ಅಳ್ಳಾಡದಂಗ ಕುಂದ್ರೋದು.' ಬುಟ್ಟಿ ತಿರುಗುತ್ತಾ ತಿರುಗುತ್ತಾ ಹೋಯಿತು. ದಡ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಅವರ ಕಣ್ಣು ನೀರಿನ ಮೇಲಿತ್ತು. ನನ್ನ ಕಣ್ಣು ಅವರ ಕೈ ಮೇಲಿತ್ತು.

ವರದಿಗಾರನ ಕೆಲಸವೂ ಬಹುಪಾಲು ಇದೇ. ಮದುವೆ, ಜಾತ್ರೆ, ಸಾವು, ಸಭೆ ಎಲ್ಲ ಕಡೆ ನಾವು ಅತಿಥಿಗಳು. ಬೇರೆಯವರ ಹುಟ್ಟಿನ ಬಲದ ಮೇಲೆ ದಾಟುವವರು. ಹಾಗಾಗಿ ಆರು ನೂರು ವರ್ಷದ ಹಿಂದೆ ಇದೇ ಸಮುದ್ರವನ್ನು ಅತಿಥಿಯಾಗಿ ದಾಟಿ ನಮ್ಮ ಸೀಮೆಗೆ ಬಂದವನೊಬ್ಬನ ಕತೆ ಓದಿದಾಗ ನನಗೆ ಹತ್ತಿರದವನು ಅನ್ನಿಸಿದ.

ಹಂಪಿಗೆ ಬಂದ ಅತಿಥಿ

ಅವನ ಹೆಸರು ಅಬ್ದುರ್ ರಜಾಕ್. ಶಾಲೆಯ ಇತಿಹಾಸ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತಾನೆ: 'ಪರ್ಷಿಯಾದ ರಾಯಭಾರಿ, ವಿಜಯನಗರವನ್ನು ಹೊಗಳಿದ.' ಅವನು ಹಡಗಿನಲ್ಲಿ ಪಟ್ಟ ಪಾಡು ಅಲ್ಲಿಲ್ಲ.

ತೈಮೂರನ ಮಗ ಶಾರುಖ್ ಈಗಿನ ಅಫ್ಘಾನಿಸ್ತಾನದ ಹೆರಾತ್‌ನಲ್ಲಿ ಆಳುತ್ತಿದ್ದ. ರಜಾಕ್‌ನನ್ನು ಕಲ್ಲಿಕೋಟೆಯ ಸಾಮೂದಿರಿಯ ಬಳಿಗೆ ಕಳಿಸಿದವನು ಅವನೇ. 1442ರ ಜನವರಿಯಲ್ಲಿ ರಜಾಕ್ ಹೊರಟ. ಹೊರ್ಮುಜ್‌ಗೆ ಬಂದು ಹಡಗು ಹತ್ತಬೇಕು. ಅಲ್ಲಿಯ ಅಧಿಕಾರಿಗಳು ಅದೂ ಇದೂ ಅಂತ ತಡ ಮಾಡಿದರು. ಒಳ್ಳೆಯ ಗಾಳಿಯ ಕಾಲ ಕಳೆದುಹೋಯಿತು. ಕಡೆಗೆ ಹಡಗು ಹತ್ತಿಸಿದಾಗ ಹಂಗಾಮಿನ ಕೊನೆ, ಬಿರುಗಾಳಿ ಮತ್ತು ಕಡಲ್ಗಳ್ಳರ ಕಾಲ.

ಹಡಗು ಹತ್ತಿದ್ದೇ ತಡ, ಅದರ ವಾಸನೆಗೇ ರಜಾಕ್ ಎಚ್ಚರ ತಪ್ಪಿ ಬಿದ್ದ. ಮೂರು ದಿನ ಉಸಿರು ಆಡುವುದೊಂದರಿಂದಲೇ ಬದುಕಿದ್ದಾನೆ ಅಂತ ಗೊತ್ತಾಗುತ್ತಿತ್ತಂತೆ. ಇದನ್ನು ಅವನೇ ಬರೆದುಕೊಂಡಿದ್ದಾನೆ. ಚಕ್ರವರ್ತಿಯ ರಾಯಭಾರಿ ಎಂಬ ಬಿಂಕ ಇಟ್ಟುಕೊಳ್ಳದೆ, ಬಸ್ಸಿನಲ್ಲಿ ವಾಂತಿ ಮಾಡಿಕೊಂಡವನ ಹಾಗೆ ಹೇಳಿಬಿಡುತ್ತಾನೆ. ಎಚ್ಚರವಾದ ಮೇಲೆ ಜೊತೆಯ ವ್ಯಾಪಾರಿಗಳು, ಕಡಲ ಯಾನದ ಕಾಲ ಮುಗಿದಿದೆ, ಈಗ ಹೊರಟು ಸತ್ತರೆ ಸತ್ತವನೇ ಹೊಣೆ ಅಂದರು. ಯಾತ್ರೆ ಮಸ್ಕತ್‌ನಲ್ಲಿ ನಿಂತಿತು. ಕೌಂಡಿನ್ಯ ಮೊನ್ನೆ ಮುಟ್ಟಿದ ಅದೇ ಮಸ್ಕತ್.

ಅಲ್ಲಿಯ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಕಾದ. ಜ್ವರ ಹಿಡಿಯಿತು. ಜೊತೆಗೆ ಬಂದಿದ್ದ ಸ್ವಂತ ಅಣ್ಣ ಆ ತೀರದಲ್ಲೇ ತೀರಿಕೊಂಡ. ಅಣ್ಣನನ್ನು ಮಣ್ಣು ಮಾಡಿ, ಇನ್ನೂ ಪೂರ್ತಿ ಹುಷಾರಾಗದ ಮೈ ಹೊತ್ತು, ಕಲ್ಹಾತ್ ಎಂಬ ರೇವಿನಿಂದ ಮತ್ತೆ ಹಡಗು ಹತ್ತಿದ. ಈ ಸಲ ಗಾಳಿ ಒಲಿಯಿತು. ಹದಿನೆಂಟು ಹಗಲು, ಹದಿನೆಂಟು ರಾತ್ರಿ. ಹಡಗು ಕಲ್ಲಿಕೋಟೆಯಲ್ಲಿ ಲಂಗರು ಹಾಕಿತು.

ಅವನಿಗೆ 18 ದಿನ, ಕೌಂಡಿನ್ಯಕ್ಕೆ 17 ದಿನ. ದಾರಿ ಬೇರೆ, ದೂರ ಬೇರೆ ಅನ್ನುವುದು ನಿಜ. ಆದರೆ ಗಾಳಿ ನಂಬಿ ಹೋಗುವವರ ಲೆಕ್ಕ ಆರು ನೂರು ವರ್ಷಕ್ಕೂ ಹೆಚ್ಚು ಬದಲಾಗಿಲ್ಲ. ದಾಟುವುದಕ್ಕೆ ಹಿಡಿದ ದಿನಗಳಿಗಿಂತ ಕಾದ ದಿನಗಳು ಹತ್ತು ಪಟ್ಟು.

ಕಲ್ಲಿಕೋಟೆಯಲ್ಲಿ ಇದ್ದಾಗ ಇಮ್ಮಡಿ ದೇವರಾಯನಿಂದ ಕರೆ ಬಂತು. ಮಂಗಳೂರಿನವರೆಗೆ ಕಡಲ ದಾರಿ, ಅಲ್ಲಿಂದ ಘಟ್ಟ ಹತ್ತಿ ನೆಲದ ದಾರಿ. 1443ರ ಏಪ್ರಿಲ್ ಕೊನೆಗೆ ವಿಜಯನಗರ ಸೇರಿದ. ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಮಸ್ಕತ್ ಬಿಸಿಲು ಉಂಡು ಬಂದವನಿಗೆ ನಮ್ಮ ಏಪ್ರಿಲ್ ಎದುರಾಯಿತು.

ಅರಸ ಅವನನ್ನು ಚೆನ್ನಾಗಿ ನೋಡಿಕೊಂಡ. ದಿನಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಜೊತೆಗೆ ಎರಡು ವರಹ. ವಾರಕ್ಕೆ ಎರಡು ಸಲ ಅರಸನ ಭೇಟಿ, ವೀಳ್ಯ, ಕರ್ಪೂರ. ಮಹಾನವಮಿ ಹಬ್ಬ ಕಣ್ಣಾರೆ ಕಂಡ. ನಾವು ಇವತ್ತು ಪ್ರವಾಸಕ್ಕೆ ಹೋದಾಗ ಹತ್ತಿ ಸೆಲ್ಫಿ ತೆಗೆದುಕೊಳ್ಳುವ ಮಹಾನವಮಿ ದಿಬ್ಬದ ಸುತ್ತಮುತ್ತ ನಡೆದ ಹಬ್ಬ ಅದು.

ಅತಿಥಿಯ ಕಷ್ಟ ಅಲ್ಲೂ ತಪ್ಪಲಿಲ್ಲ. ಹೊರ್ಮುಜ್ ಕಡೆಯ ಕೆಲವರು ಹೊಟ್ಟೆಕಿಚ್ಚಿಗೆ, ಇವನು ನಿಜವಾದ ರಾಯಭಾರಿ ಅಲ್ಲ, ಬರೀ ವ್ಯಾಪಾರಿ ಅಂತ ಸುದ್ದಿ ಹಬ್ಬಿಸಿದರು. ಆಗ ವಾಟ್ಸಾಪ್ ಇರಲಿಲ್ಲ, ಸುಳ್ಳು ಸುದ್ದಿ ಇತ್ತು. ಮರ್ಯಾದೆಗೆ ಕುಂದು ಬಂತು. ಕಡೆಗೆ ಹೊನ್ನಾವರಕ್ಕೆ ಇಳಿದು, ಅಲ್ಲಿಂದ ಹಡಗು ಹತ್ತಿ, 1444ರಲ್ಲಿ ಹೊರ್ಮುಜ್ ಮುಟ್ಟಿದ.

ಕುದುರೆಗಳೂ ದಾಟಿ ಬಂದವು

ನಮ್ಮ ಕಡೆ ಒಂದು ಮಾತಿದೆ: ಉಜ್ಜಿನಿ ಒಳಗೆ ನೋಡು, ಹಂಪಿ ಹೊರಗೆ ನೋಡು. ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆ ನೋಡಿದವರಿಗೆ ಮೊದಲ ಅರ್ಧ ಗೊತ್ತು. ಎರಡನೇ ಅರ್ಧಕ್ಕೆ ಹಜಾರರಾಮ ಗುಡಿಯ ಪ್ರಾಕಾರದ ಹೊರಗೋಡೆ ನೋಡಿ. ಸಾಲು ಸಾಲು ಆನೆ, ಅದರ ಜೊತೆಗೆ ಸಾಲು ಸಾಲು ಕುದುರೆ. ಕುದುರೆ ಹಿಡಿದು ನಡೆಸುವವರಲ್ಲಿ ಕೆಲವರ ವೇಷ ನಮ್ಮ ಕಡೆಯದಲ್ಲ. ಕಡಲಾಚೆಯಿಂದ ಬಂದವರು ಅನ್ನುತ್ತಾರೆ ತಿಳಿದವರು.

ವಿಜಯನಗರದ ಸೈನ್ಯಕ್ಕೆ ಅರಬ್, ಪರ್ಷಿಯಾ ಕಡೆಯ ಕುದುರೆ ಬೇಕಿತ್ತು. ಅವು ಬರುತ್ತಿದ್ದುದು ಹಾಯಿ ಹಡಗಿನಲ್ಲಿ. ಹೊರ್ಮುಜ್‌ನ ಹಡಗುಗಳನ್ನು 13ನೇ ಶತಮಾನದಲ್ಲಿ ಮಾರ್ಕೊ ಪೋಲೊ ನೋಡಿದ್ದ. ಮೊಳೆ ಇಲ್ಲ, ತೆಂಗಿನ ನಾರಿನಲ್ಲಿ ಹೊಲಿದಿದ್ದಾರೆ, ಬಹಳ ಅಪಾಯದ ಹಡಗು ಅಂತ ಬೈದು ಬರೆದ. ಸರಕಿನ ಮೇಲೆ ಚರ್ಮ ಹಾಸಿ, ಅದರ ಮೇಲೆ ಹಿಂದೂಸ್ಥಾನಕ್ಕೆ ಮಾರಲು ಒಯ್ಯುವ ಕುದುರೆಗಳನ್ನು ನಿಲ್ಲಿಸುತ್ತಾರೆ ಅಂತಲೂ ಬರೆದ. ಅಲೆಯ ಮೇಲೆ ದಿನಗಟ್ಟಲೆ ನಿಂತೇ ಬಂದ ಕುದುರೆಗಳಲ್ಲಿ ಎಷ್ಟೋ ಸಾಯುತ್ತಿದ್ದವು. ಸಾಳುವ ನರಸಿಂಹನ ಬಗ್ಗೆ ಪೋರ್ಚುಗೀಸ್ ಬರಹಗಾರ ನ್ಯೂನಿಜ್ ಒಂದು ಸಂಗತಿ ಹೇಳುತ್ತಾನೆ. ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಕು, ಅರಸ ಅದಕ್ಕೂ ಹಣ ಕೊಡುತ್ತಿದ್ದನಂತೆ. ಇಲ್ಲದಿದ್ದರೆ ವ್ಯಾಪಾರಿ ಮುಂದಿನ ವರ್ಷ ಹಡಗು ತಿರುಗಿಸುವುದಿಲ್ಲವಲ್ಲ. ಬೆಳೆ ವಿಮೆ ಕಂಪನಿಗಳು ಈ ಅರಸನ ಹತ್ತಿರ ಪಾಠ ಹೇಳಿಸಿಕೊಳ್ಳಬಹುದು.

ಹೊಲಿದ ಹಡಗಿನಲ್ಲಿ ಬರುತ್ತಿದ್ದ ಕುದುರೆಗೆ ಘಟ್ಟ ಹತ್ತಿದ ಮೇಲೆ ಎದುರಾಗುತ್ತಿದ್ದುದು ಇನ್ನೊಂದು ಹೆಣೆದ ದೋಣಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಡೊಮಿಂಗೊ ಪಾಯೆಸ್ ಆನೆಗುಂದಿಯ ಹೊಳೆ ದಾಟುವುದನ್ನು ಬಣ್ಣಿಸಿದ್ದಾನೆ. ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಹೆಣಿಗೆ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ಅದು ನೇರ ಹೋಗದೆ ತಿರುಗುತ್ತಲೇ ಇರುತ್ತದೆ. ನಾನು ಹಡಗಲಿಯಲ್ಲಿ ಕೂತದ್ದು ಅದೇ ಹರಿಗೋಲು. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ, ತಿರುಗುವುದು ತಪ್ಪಿಲ್ಲ.

ಈಗ ಹೇಳಿ, ಉಜ್ಜಿನಿಗೂ ಹಡಗಿಗೂ ಸಂಬಂಧ ಇಲ್ಲವೇ? ನಮ್ಮ ಅರಸರು ಕಡಲು ದಾಟಿ ಬಂದದ್ದನ್ನು ಕೊಂಡರು. ಅದಕ್ಕೆ ಹಣ ಎಲ್ಲಿಂದ ಬಂತು? ನೆಲದ ಕಂದಾಯದಿಂದ. ಅದರಲ್ಲಿ ನಮ್ಮ ಸೀಮೆಯ ಒಕ್ಕಲಿನ ಪಾಲೂ ಇದೆ.

ಕೈಯಲ್ಲಿ ಇರುವ ವಿದ್ಯೆ

ಇಷ್ಟೆಲ್ಲಾ ಓದಿದ ಮೇಲೆ ನನ್ನನ್ನು ಕಾಡಿದ್ದು ಒಂದು ವಿಷಯ. ದೇವರಾಯನ ಹೆಸರು ಉಳಿದಿದೆ. ಅತಿಥಿಯಾಗಿ ಬಂದ ರಜಾಕ್‌ನ ಹೆಸರು, ಅವನು ದಿನಕ್ಕೆ ತಿಂದ ಕೋಳಿಯ ಲೆಕ್ಕ ಕೂಡ ಉಳಿದಿದೆ. ಅವನನ್ನು ಹದಿನೆಂಟು ದಿನ ಹೊತ್ತು ತಂದ ಹಡಗಿನ ಹಗ್ಗ ಹೊಸೆದವರ ಹೆಸರು ನಮಗೆ ಸಿಗುವುದಿಲ್ಲ. ಬರೆದುಕೊಳ್ಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಹೆಸರು ಉಳಿಯದಿದ್ದರೂ ಕೆಲಸ ಕೈಯಿಂದ ಕೈಗೆ ಉಳಿದು ಬಂತು ಅನ್ನುವುದೇ ದೊಡ್ಡದು. 1980ರಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿ ಒಮಾನ್‌ನಲ್ಲಿ 'ಸೊಹಾರ್' ಅಂತ ಒಂದು ಹೊಲಿದ ಹಡಗು ಕಟ್ಟಿಸಿ ಚೀನಾದವರೆಗೆ ಹೋದ. ಮರ ಮಲಬಾರಿನಿಂದ ಹೋಗಿತ್ತು, ಹೊಲಿಗೆ ಬಲ್ಲ ಕೈಗಳು ಲಕ್ಷದ್ವೀಪದಿಂದ. ಆ ಹಡಗು ಇವತ್ತಿಗೂ ಮಸ್ಕತ್‌ನ ಒಂದು ವೃತ್ತದಲ್ಲಿ ನಿಂತಿದೆ. ಕೌಂಡಿನ್ಯ ಕಟ್ಟುವಾಗಲೂ ಕಡೆಗೆ ಹುಡುಕಿಕೊಂಡು ಹೋದದ್ದು ಅಂಥದೇ ಕೈಗಳನ್ನು. ಈ ಸಲ ಒಂದು ವ್ಯತ್ಯಾಸ ಆಯಿತು. ಬಾಬು ಶಂಕರನ್ ಅವರ ಹೆಸರು ಸರ್ಕಾರದ ಪ್ರಕಟಣೆಯಲ್ಲೇ ಬಂತು. ನಾನು ಆ ಸಾಲನ್ನು ಎರಡು ಸಲ ಓದಿದೆ.

ಆ ಕೈಗಳೂ ಇಲ್ಲದಿದ್ದರೆ? ಚಿತ್ರ ಗೋಡೆಯ ಮೇಲೆ ಇರುತ್ತಿತ್ತು, ದುಡ್ಡು ಖಾತೆಯಲ್ಲಿ ಇರುತ್ತಿತ್ತು, ಐಐಟಿಯೂ ಇರುತ್ತಿತ್ತು. ಹಡಗು ಇರುತ್ತಿರಲಿಲ್ಲ.

ನಮ್ಮ ಮನೆಗೆ ಬರುತ್ತೇನೆ. ಅಪ್ಪ ಈಗ ಹಗ್ಗ ಹೊಸೆಯುವುದಿಲ್ಲ. ಸಂತೆಯಲ್ಲಿ ನೈಲಾನ್ ಹಗ್ಗ ಅಗ್ಗಕ್ಕೆ ಸಿಗುತ್ತದೆ, ಕೊಳೆಯುವುದಿಲ್ಲ. ಎತ್ತುಗಳೂ ಕಡಿಮೆಯಾದವು. ಪುಂಡಿ ಈಗ ಪಲ್ಯಕ್ಕೆ ಮಾತ್ರ, ಕಾಂಡ ನೆನೆಹಾಕುವವರು ಇಲ್ಲ. ಅದರ ಮೇಲೆ ಅಪ್ಪನ ಕೈ ನಡುಗುತ್ತದೆ, ಎರಡು ವರ್ಷದಿಂದ. ಗುಂಡಿ ಹಾಕಿಕೊಳ್ಳಲು ನಮ್ಮವ್ವ ಸಹಾಯ ಮಾಡುತ್ತಾಳೆ.

ವಿಡಿಯೊ ನೋಡಿದ ಮರುದಿನ ಅಪ್ಪನ ಮುಂದೆ ಮೊಬೈಲ್ ಇಟ್ಟು, ಹಗ್ಗ ಹೊಸೆಯುವುದು ಹೇಗೆ ಹೇಳು ಅಂದೆ. ಅಪ್ಪ ಮಾತಲ್ಲಿ ಶುರು ಮಾಡಿದ. ಪುಂಡಿ ಹೂ ಬಿಟ್ಟ ಮೇಲೆ ಕೊಯ್ಯಬೇಕು. ಎಲೆ ಉದುರಿಸಿ, ಸಿವುಡು ಕಟ್ಟಿ, ಹಳ್ಳದಲ್ಲಿ ಕಲ್ಲು ಹೇರಿ ನೆನೆಹಾಕಬೇಕು. ಹದ ಮೀರಿದರೆ ನಾರು ಸತ್ತು ಹೋಗುತ್ತದೆ, ಕಡಿಮೆಯಾದರೆ ಸುಲಿಯುವುದಿಲ್ಲ. ಸುಲಿದು, ಒಗೆದು, ಒಣಗಿಸಿ, ಎಳೆ ಬಿಡಿಸಬೇಕು. ಒಂದೊಂದು ಎಳೆಗೆ ಒಂದು ಕಡೆಗೆ ಹುರಿ ಕೊಡಬೇಕು. ಮೂರೂ ಎಳೆ ಕೂಡಿಸುವಾಗ ಉಲ್ಟಾ ಕಡೆಗೆ ತಿರುವಬೇಕು. ಆಗ ಒಂದು ಬಿಚ್ಚಿಕೊಳ್ಳಲು ಹೋದರೆ ಇನ್ನೊಂದು ಬಿಗಿಯುತ್ತದೆ.

'ಹದ ಅಂದ್ರ ಎಷ್ಟು ದಿನ?' ಅಂದೆ.

'ದಿನ ಅಲ್ಲ, ಕೈಯಾಗ ತಿಳಿತೈತಿ' ಅಂದ. ತೋರಿಸಲು ಕೈ ಎತ್ತಿದ. ಬೆರಳು ನಿಲ್ಲಲಿಲ್ಲ. ಸ್ವಲ್ಪ ಹೊತ್ತು ನೋಡಿಕೊಂಡು ಕೈ ಮಡಿಲಿಗೆ ಇಳಿಸಿದ. ನಾನು ರೆಕಾರ್ಡಿಂಗ್ ನಿಲ್ಲಿಸಿದೆ.

ಅಪ್ಪ ಅಂದದ್ದು ಅಳತೆಗೆ ಸಿಗುವ ಮಾತಲ್ಲ. ಅದು ಪುಸ್ತಕದಲ್ಲಿ ಇಲ್ಲ, ಯೂಟ್ಯೂಬಿನಲ್ಲಿ ಇಲ್ಲ, ನನ್ನ ಮೊಬೈಲಿನಲ್ಲಿ ಹನ್ನೊಂದು ನಿಮಿಷ ಇದೆ, ಅದರಲ್ಲೂ ಮುಖ್ಯವಾದದ್ದು ಇಲ್ಲ. ಅದು ಒಂದು ಕೈ ಇನ್ನೊಂದು ಕೈಯ ಮೇಲೆ ಕೂತು ಕಲಿಸಬೇಕಾದ್ದು. ಕೇರಳದ ಮೇಸ್ತ್ರಿಗಳ ಮನೆಯಲ್ಲಿ ಯಾರೋ ಕೂತು ಕಲಿತಿದ್ದರು, ಅದಕ್ಕೇ ಹದಿನೇಳು ದಿನ ಹಲಗೆ ಬಿಡಲಿಲ್ಲ.

ಹರಪನಹಳ್ಳಿ ತಾಂಡಾಗಳಲ್ಲಿ ಕಸೂತಿ ಹಾಕುವ ಅಜ್ಜಿಯರಿದ್ದಾರೆ. ಹೊಳೆ ದಂಡೆಯಲ್ಲಿ ಹರಿಗೋಲು ಹೆಣೆಯುವವರಿದ್ದಾರೆ. ಕಂಬಳಿ ನೇಯುವವರು, ಕೌದಿ ಹೊಲಿಯುವವರು ನಿಮ್ಮ ಓಣಿಯಲ್ಲೂ ಇರುತ್ತಾರೆ. ಅವರ ಹೆಸರು ಬರೆದಿಡಿ. ಮೊಬೈಲಿನಲ್ಲಿ ಹಿಡಿದಿಡಿ, ಅದೂ ಬೇಕು. ಆದರೆ ಆಗುವುದಾದರೆ ಒಂದು ಮಧ್ಯಾಹ್ನ ಅವರ ಪಕ್ಕ ಕೂತು ನಿಮ್ಮ ಕೈಗೆ ಕೊಡಿಸಿಕೊಳ್ಳಿ. ಅದರಿಂದ ಮುಂದೆ ಹಡಗು ಆಗುತ್ತದೋ, ಬರೀ ಎತ್ತಿನ ಕಣ್ಣಿ ಆಗುತ್ತದೋ, ಈಗಲೇ ಹೇಳಲು ಬರುವುದಿಲ್ಲ.

ಮುಂಗಾರಿಗೆ ನಮ್ಮ ಹೊಲದ ಬದುವಿಗೆ ಎರಡು ಸಾಲು ಪುಂಡಿ ಹಾಕುವುದು ಅಂತ ಮಾತಾಗಿದೆ. ಬೀಜ ಅವ್ವ ಎತ್ತಿಟ್ಟಿದ್ದಾಳೆ. ನೆನೆಹಾಕಲು ಹಳ್ಳದಲ್ಲಿ ನೀರು ನಿಲ್ಲಬೇಕು, ಅದು ಕಡಲಿನಿಂದ ಬರುವ ಗಾಳಿಯ ಮೇಲೆ ಬಿಟ್ಟದ್ದು. ನಾರು ಬಂದ ಮೇಲೆ ಹೊಸೆಯುವವನು ನಾನು. ಅಪ್ಪ ನನ್ನ ಕೈ ಮುಟ್ಟಿ ಹದ ಹೇಳುತ್ತಾನೆ.